ಹಳೆಯ ಬೀಟಲ್ ಎಂಜಿನ್ನಿಗೆ ಆಯಿಲ್ ಪಂಪ್ ಆರಿಸುವ ಕ್ರಮ

ಮಂಜೇಶ್ವರದಿಂದ ಕಾಸರಗೋಡಿನವರೆಗೆ ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರನ್ನು ಇಂದಿಗೂ ಉಳಿಸಿಕೊಂಡ ಮನೆಗಳು ಬೆರಳೆಣಿಕೆಯಷ್ಟೇ ಇರಬಹುದು. ಆದರೆ ಇರುವ ಕಾರುಗಳಿಗೆ ಐವತ್ತು, ಅರುವತ್ತು ವರ್ಷ ದಾಟಿರುವುದರಿಂದ ಎಂಜಿನ್ ಬಿಚ್ಚಿ ಪೂರ್ತಿಯಾಗಿ ಕಟ್ಟಿಸುವ ಕೆಲಸ ಒಂದಲ್ಲ ಒಂದು ದಿನ ಎದುರಾಗಿಯೇ ಆಗುತ್ತದೆ. ಆಗ ಪಿಸ್ಟನ್, ಸಿಲಿಂಡರ್, ಕ್ರಾಂಕ್ ಬೇರಿಂಗುಗಳ ಬಗ್ಗೆ ಹತ್ತು ಜನರನ್ನು ವಿಚಾರಿಸುವವರು ಆಯಿಲ್ ಪಂಪಿನ ಮಾತು ಬಂದಾಗ "ಸಿಗುವುದರಲ್ಲಿ ದೊಡ್ಡದೊಂದು ತರಿಸಿಬಿಡಿ" ಎಂದು ಮುಗಿಸಿಬಿಡುವುದನ್ನು ನಾನು ಹಲವು ಕಡೆ ಕಂಡಿದ್ದೇನೆ. ಇದನ್ನು ಬರೆಯುವುದಕ್ಕೆ ಅದೇ ಕಾರಣ. ಪಂಪಿನ ಗಾತ್ರ ಕೊನೆಗೆ ತೀರ್ಮಾನವಾಗಬೇಕಾದ ಸಂಗತಿ. ಅದಕ್ಕೂ ಮೊದಲು ಕ್ಯಾಮ್‌ಶಾಫ್ಟ್ (ವಾಲ್ವುಗಳನ್ನು ತೆರೆಯಿಸುವ, ಪಂಪನ್ನೂ ತಿರುಗಿಸುವ ದಂಡ) ಯಾವ ಬಗೆಯದು, ಪಂಪನ್ನು ಹಿಡಿಯುವ ಸ್ಟಡ್ಡುಗಳ (ಎಂಜಿನ್ನಿಗೆ ನಾಟಿದ, ನಟ್ ಹಾಕುವ ಥ್ರೆಡ್ಡಿನ ಕಡ್ಡಿಗಳ) ಅಳತೆ ಎಷ್ಟು, ಬೇರಿಂಗುಗಳು ಎಷ್ಟು ಸಡಿಲವಾಗಿವೆ, ಹೊರಗಿನ ಆಯಿಲ್ ಫಿಲ್ಟರ್ ಹಾಕಿಸುವ ಯೋಚನೆ ಇದೆಯೇ ಎಂಬ ಪ್ರಶ್ನೆಗಳಿಗೆ ನಿಮ್ಮ ಎಂಜಿನ್ನನ್ನೇ ನೋಡಿ, ಅಳೆದು ಉತ್ತರ ಕಂಡುಕೊಳ್ಳಬೇಕು.

ಪಂಪ್ ಮಾಡುವ ಕೆಲಸ

ಬೀಟಲ್‌ನ ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ರೇಡಿಯೇಟರ್ ಇಲ್ಲ. ಸಿಲಿಂಡರುಗಳ ರೆಕ್ಕೆಗಳ ನಡುವೆ ಫ್ಯಾನ್ ತಳ್ಳುವ ಗಾಳಿ ಶಾಖದ ದೊಡ್ಡ ಪಾಲನ್ನು ಹೊರಗೆ ಒಯ್ಯುತ್ತದೆ. ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡವಾದ ಕ್ರಾಂಕ್, ಬೇರಿಂಗ್, ಪಿಸ್ಟನ್‌ಗಳ ಅಡಿಭಾಗ ಮುಂತಾಗಿ ಗಾಳಿ ತಾಗದ ಕಡೆಗಳ ಶಾಖವನ್ನು ಒಯ್ಯುವುದು ಆಯಿಲ್. ಆ ಆಯಿಲ್ ಕೂಡ ಒಟ್ಟು 2.5 ಲೀಟರ್ ಮಾತ್ರ. ಏಪ್ರಿಲ್, ಮೇ ತಿಂಗಳ ನಮ್ಮ ಕರಾವಳಿಯಲ್ಲಿ ಫ್ಯಾನ್ ಎಳೆದುಕೊಳ್ಳುವ ಗಾಳಿಯೇ ಬಿಸಿಯಾಗಿರುವುದರಿಂದ ಆಯಿಲಿನ ಮೇಲೆ ಬೀಳುವ ಹೊರೆ ಈ ಎಂಜಿನ್ ಹುಟ್ಟಿದ ಜರ್ಮನಿಯಲ್ಲಿ ಇದ್ದುದಕ್ಕಿಂತ ಹೆಚ್ಚು.

ಆಯಿಲ್ ಸಾಗುವ ದಾರಿಯನ್ನು ಒಮ್ಮೆ ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನ ಮಾತುಗಳೆಲ್ಲ ಸುಲಭವಾಗುತ್ತವೆ. ಕ್ರಾಂಕ್‌ಕೇಸಿನ (ಕ್ರಾಂಕ್, ಕ್ಯಾಮ್ ಕೂರುವ ಎಂಜಿನ್ನಿನ ಮುಖ್ಯ ಪೆಟ್ಟಿಗೆ; ಮುಂದೆ ಬರಿಯ ಕೇಸ್) ತಳದಲ್ಲಿ ತಂತಿಯ ಜಾಲರಿ ಇದೆ. ಅದರ ಮೂಲಕ ಆಯಿಲ್ ಹೀರು ಕೊಳವೆಗೆ ಬಂದು, ಅಲ್ಲಿಂದ ಪಂಪನ್ನು ಸೇರಿ, ಒತ್ತಡದೊಂದಿಗೆ ಹೊರಟು, ಫ್ಯಾನಿನ ಗಾಳಿಯಲ್ಲಿ ನಿಂತಿರುವ ಆಯಿಲ್ ಕೂಲರನ್ನು ಹಾದು, ಬೇರಿಂಗುಗಳಿಗೆ ಹಂಚುವ ಮುಖ್ಯ ನಾಳಕ್ಕೆ ಬರುತ್ತದೆ; ಮುಂದೆ ಟೊಳ್ಳಾದ ಪುಶ್‌ರಾಡುಗಳ ಮೂಲಕ ವಾಲ್ವುಗಳನ್ನು ಒತ್ತುವ ರಾಕರುಗಳವರೆಗೂ ಹೋಗಿ, ಪುಶ್‌ರಾಡ್ ಕೊಳವೆಗಳ ಮೂಲಕ ತಳಕ್ಕೆ ಇಳಿಯುತ್ತದೆ. ಮೂಲ ಎಂಜಿನ್ನಿನಲ್ಲಿ ಈ ದಾರಿಯಲ್ಲಿ ಎಲ್ಲಿಯೂ ಕಾಗದದ ಫಿಲ್ಟರ್ ಇಲ್ಲ. ಆಯಿಲ್ ತಣ್ಣಗಿದ್ದು ದಪ್ಪವಾಗಿರುವಾಗ ಒತ್ತಡ ಮಿತಿಮೀರದಂತೆ ಕಾಯಲು ಒಂದು ರಿಲೀಫ್ ವಾಲ್ವ್ ಇರುತ್ತದೆ. 1970ರ ಮಾದರಿಯಿಂದ ಇಂಥ ವಾಲ್ವುಗಳು ಎರಡಾದವು. ಸ್ಪ್ರಿಂಗ್ ಮತ್ತು ಪ್ಲಂಜರಿನ ಈ ಸಣ್ಣ ಏರ್ಪಾಡು ತಣ್ಣನೆಯ ಆಯಿಲನ್ನು ಕೂಲರಿಗೆ ಕಳುಹಿಸದೆ ನೇರವಾಗಿ ಬೇರಿಂಗುಗಳ ಕಡೆಗೆ ತಿರುಗಿಸುತ್ತದೆ, ಹೆಚ್ಚಾದುದನ್ನು ಕೆಳಗೆ ಬಿಡುತ್ತದೆ.

ಪಂಪ್ ಎಂದರೆ ಒಂದು ಗೂಡಿನೊಳಗೆ ಹಲ್ಲಿಗೆ ಹಲ್ಲು ಕೊಟ್ಟು ತಿರುಗುವ ಎರಡು ಗೇರುಗಳು, ಅಷ್ಟೆ. ಅವುಗಳಲ್ಲಿ ಒಂದರ ದಂಡದ ಚಪ್ಪಟೆ ತುದಿ ಕ್ಯಾಮ್‌ಶಾಫ್ಟಿನ ಕೊನೆಯ ಸೀಳಿನಲ್ಲಿ ಕೂರುತ್ತದೆ. ಕ್ಯಾಮ್ ಕ್ರಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಎಂಜಿನ್ ನಿಮಿಷಕ್ಕೆ 850 ಸುತ್ತಿನ ಐಡ್ಲಿಂಗಿನಲ್ಲಿ ಇರುವಾಗ ಪಂಪ್ ತಿರುಗುವುದು 425 ಸುತ್ತು ಮಾತ್ರ. ಆಯಿಲ್ ಬಿಸಿಯಾಗಿ ತೆಳುವಾದಾಗ, ಇಷ್ಟು ನಿಧಾನವಾಗಿ ತಿರುಗುವ ಗೇರುಗಳ ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಹೆಚ್ಚಿದ್ದರೂ ತಳ್ಳಿದ ಆಯಿಲ್ ಅಲ್ಲೇ ಹಿಂದಕ್ಕೆ ಜಾರುತ್ತದೆ. ಈ ಕಾರಣಕ್ಕಾಗಿಯೇ ಗೇರಿನ ಗಾತ್ರಕ್ಕಿಂತ ಗೂಡಿನ ಬಿಗಿ ಮುಖ್ಯ ಎಂದು ನಾನು ಒತ್ತಿ ಹೇಳುತ್ತೇನೆ.

ಮೊದಲ ಹೆಜ್ಜೆ: ಎಂಜಿನ್ನನ್ನು ಗುರುತಿಸುವುದು

ಎಂಜಿನ್ ಸಂಖ್ಯೆಯನ್ನು ಕ್ರಾಂಕ್‌ಕೇಸಿನ ಮೇಲೆ, ಜನರೇಟರ್ ಸ್ಟ್ಯಾಂಡಿನ ಬುಡದಲ್ಲಿ ಒತ್ತಿರುತ್ತಾರೆ. ಅದನ್ನು ಆರ್‌ಸಿಯೊಂದಿಗೆ ಹೋಲಿಸಿ ಬರೆದಿಟ್ಟುಕೊಳ್ಳಿ. ಆದರೆ ಅದೊಂದನ್ನೇ ನಂಬಿ ಪಂಪ್ ತರಿಸಬಾರದು. ಈ ಕಾರುಗಳು ನಮ್ಮ ದೇಶದಲ್ಲಿ ತಯಾರಾದವುಗಳಲ್ಲ. ಹೊರಗಿನಿಂದ ಬಂದು, ಬಿಡಿಭಾಗ ಸಿಗದ ಕಾಲದಲ್ಲಿ ಸಿಕ್ಕಿದ ಭಾಗಗಳಿಂದ ಓಡಿದವು. 1200 ಸಿಸಿಯ ಕಾರಿನಲ್ಲಿ 1600 ಸಿಸಿಯ ಎಂಜಿನ್, ಒಂದು ಕಾಲದ ಕೇಸಿನೊಳಗೆ ಇನ್ನೊಂದು ಕಾಲದ ಕ್ಯಾಮ್ ಇರುವುದು ಆಶ್ಚರ್ಯದ ಸಂಗತಿಯಲ್ಲ.

ಆದ್ದರಿಂದ ಹಳೆಯ ಪಂಪನ್ನು ಹೊರತೆಗೆದ ಮೇಲೆ ಆ ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿ. ಕಾಣುವುದು ಕ್ಯಾಮ್ ಗೇರಿನ ನಡುಭಾಗ. ಗೇರಿನ ಮುಖ ಅಂಚಿನಿಂದ ನಡುವಿನವರೆಗೆ ಸಮತಟ್ಟಾಗಿದ್ದು ಅದನ್ನು ಮೂರು ರಿವೆಟ್‌ಗಳು ಹಿಡಿದಿದ್ದರೆ ಅದು ಚಪ್ಪಟೆ ಬಗೆಯ ಕ್ಯಾಮ್, ಅಂದರೆ 1970ರವರೆಗಿನ ಪದ್ಧತಿಯದು. ನಡುಭಾಗ ಊಟದ ಬಟ್ಟಲಿನಂತೆ ಒಳಕ್ಕೆ ತಗ್ಗಿದ್ದು ನಾಲ್ಕು ರಿವೆಟ್‌ಗಳಿದ್ದರೆ ಅದು 1971ರ ಮಾದರಿಯಿಂದ ಬಂದ ತಗ್ಗು ಬಗೆಯದು. ಎರಡಕ್ಕೂ ಪಂಪ್ ಬೇರೆ. ತಗ್ಗು ಕ್ಯಾಮಿನ ಪಂಪಿನ ಗೂಡು ಹೆಚ್ಚು ಆಳಕ್ಕೆ ಹೋಗುತ್ತದೆ. ಅದನ್ನು ಚಪ್ಪಟೆ ಕ್ಯಾಮಿನ ಮುಂದೆ ಕೂರಿಸಲು ಹೋದರೆ ಪಂಪಿನ ಬೆನ್ನು ತಿರುಗುವ ಗೇರಿಗೆ ಉಜ್ಜುತ್ತದೆ. ಚಪ್ಪಟೆ ಕ್ಯಾಮಿನ ಪಂಪನ್ನು ತಗ್ಗು ಕ್ಯಾಮಿಗೆ ಹಾಕಿದರೆ ದಂಡದ ತುದಿ ಸೀಳಿನಲ್ಲಿ ಸಾಕಷ್ಟು ಆಳ ಇಳಿಯುವುದಿಲ್ಲ. ಎರಡನೆಯ ತಪ್ಪೇ ಹೆಚ್ಚು ಅಪಾಯದ್ದು, ಏಕೆಂದರೆ ಪಂಪ್ ಹೊರನೋಟಕ್ಕೆ ಸರಿಯಾಗಿ ಕೂತಂತೆ ಕಾಣುತ್ತದೆ, ಎಂಜಿನ್ ಓಡಿಯೂ ಓಡುತ್ತದೆ.

ಕಟ್ಟಿಸುವಾಗ ಹೊಸ ಕ್ಯಾಮ್ ಹಾಕಿಸುವುದಾದರೆ ನೋಡಬೇಕಾದದ್ದು ಆ ಹೊಸ ಕ್ಯಾಮನ್ನು. ಈಗ ಮಾರಾಟಕ್ಕಿರುವ ಬದಲಿ ಕ್ಯಾಮ್‌ಗಳಲ್ಲಿ ಬಹಳಷ್ಟಕ್ಕೆ ಗೇರನ್ನು ಬೋಲ್ಟ್ ಹಾಕಿ ಜೋಡಿಸುತ್ತಾರೆ. ಬೋಲ್ಟಿನ ತಲೆ ರಿವೆಟ್‌ಗಿಂತ ಎತ್ತರ. ಮಕ್ಕಳು ಆಟಕ್ಕೆ ಬಳಸುವ ಮೃದುವಾದ ಕ್ಲೇಯ ಸಣ್ಣ ತುಂಡನ್ನು ಪಂಪಿನ ಬೆನ್ನಿಗೆ ಅಂಟಿಸಿ, ಕ್ಯಾಮ್ ಮತ್ತು ಪಂಪನ್ನು ಬರಿದಾದ ಕೇಸಿನ ಅರ್ಧಭಾಗದಲ್ಲಿ ಇಟ್ಟು, ಕ್ಯಾಮನ್ನು ಪಂಪಿನ ಕಡೆಗೆ ಒತ್ತಿ ಹಿಡಿದು ಒಂದು ಸುತ್ತು ತಿರುಗಿಸಿ. ಬೋಲ್ಟಿನ ತಲೆ ಹಾದುಹೋದ ಕಡೆ ಕ್ಲೇ ತೆಳುವಾಗಿ ಒತ್ತಿರುತ್ತದೆ. ಆ ಜಾಗವನ್ನು ಬ್ಲೇಡಿನಿಂದ ಕತ್ತರಿಸಿ ದಪ್ಪ ಅಳೆಯಿರಿ. 1 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ನಾನು ಆ ಜೋಡಿಯನ್ನು ಹಾಗೆಯೇ ಕೂರಿಸಲು ಒಪ್ಪುವುದಿಲ್ಲ. ಕೇಸ್ ಮುಚ್ಚಿದ ಮೇಲೆ ಇದನ್ನು ನೋಡುವ ದಾರಿಯೇ ಇಲ್ಲ.

ಇನ್ನು ಸ್ಟಡ್ಡುಗಳು. ಪಂಪನ್ನು ಹಿಡಿಯುವ ನಾಲ್ಕು ಸ್ಟಡ್ಡುಗಳು ಹಳೆಯ ಎಂಜಿನ್ನುಗಳಲ್ಲಿ 6 ಎಂಎಂ, ನಂತರದವುಗಳಲ್ಲಿ 8 ಎಂಎಂ. ನಟ್ಟುಗಳಿಗೆ 10ರ ಸ್ಪ್ಯಾನರ್ ಕೂತರೆ 6 ಎಂಎಂ ಸ್ಟಡ್, 13ರ ಸ್ಪ್ಯಾನರ್ ಕೂತರೆ 8 ಎಂಎಂ ಸ್ಟಡ್. ಹಿಂದೆ ಯಾರಾದರೂ ಬೇರೆ ಅಳತೆಯ ನಟ್ ಹಾಕಿರಬಹುದಾದ್ದರಿಂದ ವರ್ನಿಯರ್ ಕ್ಯಾಲಿಪರಿನಿಂದ ಸ್ಟಡ್ಡನ್ನೇ ಅಳೆದುಬಿಡುವುದು ಒಳ್ಳೆಯದು. ಸಣ್ಣ ತೂತಿನ ಪಂಪನ್ನು ದೊಡ್ಡ ಸ್ಟಡ್ಡಿಗೆ ಹೊಂದಿಸಲು ತೂತು ಅಗಲಿಸುವ ಕೆಲಸಕ್ಕೆ ಲೇತಿನವರು ಒಪ್ಪಿದರೂ ನೀವು ಒಪ್ಪಬೇಡಿ. ತೂತು ಎಳ್ಳಷ್ಟು ಓರೆಯಾದರೂ ಪಂಪ್ ಕ್ಯಾಮಿನ ನೇರಕ್ಕೆ ನಿಲ್ಲುವುದಿಲ್ಲ.

ಇಷ್ಟಾದರೆ ಪಂಪ್ ಕೇಳುವ ಮಾತು ಸ್ಪಷ್ಟವಾಗುತ್ತದೆ. "1600ರ ಬೀಟಲ್ ಪಂಪ್ ಕೊಡಿ" ಎಂದರೆ ಮಾರುವವರು ತಮ್ಮಲ್ಲಿ ಇರುವುದನ್ನು ಕೊಡುತ್ತಾರೆ. "ಚಪ್ಪಟೆ ಕ್ಯಾಮ್, 8 ಎಂಎಂ ಸ್ಟಡ್, ಗೇರಿನ ಉದ್ದ ಇಷ್ಟು" ಎಂದು ಮೂರೂ ಅಳತೆ ಹೇಳಿ ಕೇಳಿ.

ಹಳೆಯ ಪಂಪನ್ನು ಎಸೆಯುವ ಮೊದಲು

ಜರ್ಮನಿಯಲ್ಲಿ ತಯಾರಾದ ಮೂಲ ಪಂಪ್ ಸವೆದಿಲ್ಲವೆಂದರೆ, ಯಾರು ಮಾಡಿದರೆಂದೇ ತಿಳಿಯದ ಹೊಸ ಪಂಪಿಗಿಂತ ಅದನ್ನೇ ನಾನು ಮೆಚ್ಚುತ್ತೇನೆ. ಪರೀಕ್ಷೆ ಕಷ್ಟವಲ್ಲ. ಮುಚ್ಚಳ ತೆಗೆದು ಅದರ ಒಳಮುಖವನ್ನು ಬೆಳಕಿಗೆ ಹಿಡಿದರೆ ಎರಡು ಗೇರುಗಳು ಉಜ್ಜಿದ ಎರಡು ವೃತ್ತಗಳು ಒಂದನ್ನೊಂದು ತಾಗಿಕೊಂಡು ಕಾಣುತ್ತವೆ. ಉಗುರನ್ನು ಅಡ್ಡಲಾಗಿ ಎಳೆದಾಗ ವೃತ್ತದ ಅಂಚಿನಲ್ಲಿ ಅದು ಸಿಕ್ಕಿಕೊಂಡರೆ ಮುಚ್ಚಳ ಸವೆದಿದೆ. ಮುಚ್ಚಳವನ್ನು ಸಮ ಮಾಡಬಹುದು, ಇಲ್ಲವೇ ಹೊಸ ಉಕ್ಕಿನ ಮುಚ್ಚಳ ಹಾಕಬಹುದು. ಅದಕ್ಕಾಗಿ ಪಂಪನ್ನೇ ಬಿಡಬೇಕಾಗಿಲ್ಲ.

ಅನಂತರ ಗೇರುಗಳನ್ನು ಗೂಡಿನಲ್ಲಿ ಇಟ್ಟು, ಗೂಡಿನ ಮುಖದ ಮೇಲೆ ಉಕ್ಕಿನ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ, ಸ್ಕೇಲಿಗೂ ಗೇರಿಗೂ ನಡುವೆ ಫೀಲರ್ ಗೇಜ್ (ಗೊತ್ತಾದ ದಪ್ಪದ ತೆಳು ಉಕ್ಕಿನ ಪಟ್ಟಿ) ತೂರಿಸಿ ನೋಡಿ. ಗ್ಯಾಸ್ಕೆಟ್ ಇಲ್ಲದೆ ಈ ಸಂದು 0.1 ಮಿಲಿಮೀಟರ್ ಮೀರಬಾರದು. ಎರಡು ಗೇರುಗಳ ಹಲ್ಲುಗಳ ನಡುವಿನ ಆಟ 0.03ರಿಂದ 0.08 ಮಿಲಿಮೀಟರ್ ಇರಬೇಕು. ಇನ್ನೊಂದು ಗೇರ್ ತಿರುಗುವ ಚಿಕ್ಕ ದಂಡವನ್ನು ಗೂಡಿಗೆ ಒತ್ತಿ ಕೂರಿಸಿರುತ್ತಾರೆ. ಅದು ಸಡಿಲಾಗಿ ಅಲುಗಿದರೆ ಆ ಪಂಪ್ ಮುಗಿಯಿತು. ಗೇರಿನ ಹಲ್ಲುಗಳು ಗೂಡಿನ ಒಳಗೋಡೆಯನ್ನು ಒಂದೇ ಪಕ್ಕದಲ್ಲಿ ಕೊರೆದಿದ್ದರೂ ಅಷ್ಟೆ.

ನಮ್ಮ ಊರಿನಲ್ಲಿ ಇದರ ಜೊತೆಗೆ ತುಕ್ಕನ್ನೂ ಹುಡುಕಬೇಕು. ಜೂನ್‌ನಲ್ಲಿ ಶೆಡ್ಡಿಗೆ ಸೇರಿದ ಕಾರು ಆಟಿ ತಿಂಗಳ ಮಳೆ ಮುಗಿಯುವವರೆಗೆ ಒಮ್ಮೆಯೂ ಚಾಲೂ ಆಗದೆ ನಿಲ್ಲುವುದುಂಟು. ಆಗ ಪಂಪಿನೊಳಗಿನ ಆಯಿಲ್ ನಿಧಾನವಾಗಿ ತಳಕ್ಕೆ ಇಳಿದುಹೋಗಿ, ಸಮುದ್ರದ ಕಡೆಯ ತೇವದ ಗಾಳಿ ಗೇರಿನ ಉಕ್ಕಿಗೆ ತಾಗುತ್ತದೆ. ಹಲ್ಲಿನ ಮೇಲೆ ಕಪ್ಪು ಚುಕ್ಕೆಗಳಿದ್ದು, ಸೂಜಿಯ ಮೊನೆಗೆ ತಗ್ಗು ಸಿಕ್ಕಿದರೆ ಆ ಗೇರನ್ನು ಉಪಯೋಗಿಸಬೇಡಿ.

ಗೇರಿನ ಉದ್ದ ಎಷ್ಟಿರಬೇಕು

ಇದು ಎಲ್ಲರೂ ಮೊದಲಿಗೆ ಕೇಳುವ ಪ್ರಶ್ನೆ. ಗೇರಿನ ಅಡ್ಡಳತೆ ಒಂದೇ ಆಗಿರುವುದರಿಂದ ಪಂಪ್ ತಳ್ಳುವ ಆಯಿಲಿನ ಪ್ರಮಾಣ ಗೇರಿನ ಉದ್ದಕ್ಕೆ ತಕ್ಕಂತೆ ಹೆಚ್ಚುತ್ತದೆ. 1970ರವರೆಗಿನ 1600ರಲ್ಲಿ ಗೇರು ಸುಮಾರು 21 ಎಂಎಂ ಉದ್ದ ಇತ್ತು. 1971ರಿಂದ ಅದು 26 ಎಂಎಂ ಆಯಿತು, ಅಂದರೆ ಸುಮಾರು ಕಾಲುಭಾಗ ಹೆಚ್ಚು. ಬದಲಿ ಭಾಗ ತಯಾರಿಸುವವರು 30 ಎಂಎಂ, 32 ಎಂಎಂ ಗೇರುಗಳ ಪಂಪುಗಳನ್ನೂ ಮಾರುತ್ತಾರೆ. 26ರ ಬದಲು 30 ಹಾಕಿದರೆ ಶೇಕಡಾ 15ರಷ್ಟು, 21ರ ಬದಲು 30 ಹಾಕಿದರೆ ಶೇಕಡಾ 40ಕ್ಕೂ ಮೇಲೆ ಆಯಿಲ್ ಹೆಚ್ಚು ಹೋಗುತ್ತದೆ.

ಹೆಚ್ಚು ಹೋದರೆ ಒಳ್ಳೆಯದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಇಲ್ಲಿ ಒತ್ತಡ ಹೇಗೆ ಹುಟ್ಟುತ್ತದೆ ಎಂಬುದನ್ನು ನೋಡಬೇಕು. ಪಂಪ್ ಕೊಡುವುದು ಹರಿವು. ಆ ಹರಿವಿಗೆ ಬೇರಿಂಗುಗಳ ಸಣ್ಣ ಸಂದುಗಳು ತಡೆ ಒಡ್ಡಿದಾಗ ಒತ್ತಡ ಏರ್ಪಡುತ್ತದೆ. ಬೇರಿಂಗುಗಳು ಸಡಿಲವಾದರೆ ತಡೆ ಕಡಿಮೆಯಾಗಿ, ಬಿಸಿಯಾದ ಎಂಜಿನ್ ಐಡ್ಲಿಂಗಿನಲ್ಲಿ ನಿಂತಾಗ ಡ್ಯಾಶ್‌ಬೋರ್ಡಿನ ಆಯಿಲ್ ದೀಪ ಮಿಣುಕುತ್ತದೆ. ದೊಡ್ಡ ಪಂಪ್ ಹಾಕಿದ ಕೂಡಲೇ ದೀಪ ಆರುತ್ತದೆ, ನಿಜ. ಆದರೆ ಸಡಿಲವಾದ ಬೇರಿಂಗ್ ಸಡಿಲವಾಗಿಯೇ ಇರುತ್ತದೆ. ಈ ಎಂಜಿನ್ನಿನ ಕೇಸ್ ಮೆಗ್ನೀಸಿಯಂ ಮಿಶ್ರಲೋಹದ್ದು. ಬಹಳ ವರ್ಷ ಓಡಿದ ಕೇಸಿನಲ್ಲಿ ನಡುವಿನ ಮುಖ್ಯ ಬೇರಿಂಗಿನ ಗೂಡು ಬಡಿತಕ್ಕೆ ಅಗಲವಾಗಿರುತ್ತದೆ. ಅದಕ್ಕೆ ಇರುವ ಮದ್ದು ಅಲೈನ್ ಬೋರಿಂಗ್ (ಮುಖ್ಯ ಬೇರಿಂಗುಗಳ ಗೂಡುಗಳನ್ನೆಲ್ಲ ಒಂದೇ ನೇರಕ್ಕೆ ಕೊರೆಯುವುದು) ಮಾಡಿಸಿ ಹೊರಗಡೆಯ ಅಳತೆ ದೊಡ್ಡದಿರುವ ಬೇರಿಂಗ್ ಹಾಕುವುದು. ಆ ಖರ್ಚನ್ನು ತಪ್ಪಿಸಲು ದೊಡ್ಡ ಪಂಪ್ ತರಿಸುವುದಾದರೆ ಎಂಜಿನ್ ಬಿಚ್ಚಿದ ಶ್ರಮವೇ ವ್ಯರ್ಥ.

ದೊಡ್ಡ ಪಂಪಿನ ಇನ್ನೊಂದು ತೊಂದರೆ ಬೆಳಗಿನ ಹೊತ್ತು ಕಾಣಿಸಿಕೊಳ್ಳುತ್ತದೆ. ಆಯಿಲ್ ತಣ್ಣಗಿರುವಾಗ ರಿಲೀಫ್ ವಾಲ್ವ್ ಪೂರ್ತಿ ತೆರೆದರೂ ಅದರ ದಾರಿಯಲ್ಲಿ ಹೋಗಬಲ್ಲ ಆಯಿಲಿಗೆ ಒಂದು ಮಿತಿ ಇದೆ. ಆ ಮಿತಿಯನ್ನು ಮೀರಿ ಪಂಪ್ ತಳ್ಳತೊಡಗಿದರೆ ಒತ್ತಡ ಏರಿ, ಕೂಲರಿನ ಬುಡದ ರಬ್ಬರ್ ಸೀಲುಗಳು ಸೋರುತ್ತವೆ, ಹಳೆಯ ಕೂಲರ್ ಒಡೆಯುವುದೂ ಉಂಟು. ನಮ್ಮಲ್ಲಿ ಯುರೋಪಿನ ಚಳಿ ಇಲ್ಲದಿರುವುದರಿಂದ ಈ ಭಯ ಕಡಿಮೆ ಎನ್ನಬಹುದು; ಆದರೆ ಇಲ್ಲಿ ಹೆಚ್ಚಿನವರು ಹಾಕುವುದು 20ಡಬ್ಲ್ಯು-50 ಆಯಿಲ್, ಅದು ಡಿಸೆಂಬರ್ ತಿಂಗಳ ಬೆಳಿಗ್ಗೆ ಸಾಕಷ್ಟು ದಪ್ಪವಾಗಿಯೇ ಇರುತ್ತದೆ. ಒಂದೇ ವಾಲ್ವಿನ, ಅಂದರೆ 1970ಕ್ಕಿಂತ ಹಿಂದಿನ ಕೇಸಿಗೆ 30 ಎಂಎಂ ಪಂಪ್ ಹಾಕುವ ಮೊದಲು ಎರಡು ಬಾರಿ ಯೋಚಿಸಬೇಕೆನ್ನುವುದು ಇದಕ್ಕಾಗಿ. ಎಂಜಿನ್ ಹೆಚ್ಚು ವೇಗದಲ್ಲಿ ತಿರುಗುವಾಗ ದೊಡ್ಡ ಪಂಪಿನಿಂದ ಲಾಭವೂ ಇಲ್ಲ, ಏಕೆಂದರೆ ಹೆಚ್ಚಾದ ಆಯಿಲ್ ವಾಲ್ವಿನ ಮೂಲಕ ತಳಕ್ಕೇ ಮರಳುತ್ತದೆ. ಅದನ್ನು ಸುಮ್ಮನೆ ಸುತ್ತಿಸಿದ್ದಕ್ಕೆ ಶಾಖವೂ ಕ್ಯಾಮ್ ಗೇರಿನ ಮೇಲಿನ ಭಾರವೂ ಹೆಚ್ಚುತ್ತದೆ.

ಹೀಗಾಗಿ ನನ್ನ ಅಭಿಪ್ರಾಯ ಇಷ್ಟು. 1192 ಅಥವಾ 1285 ಸಿಸಿ ಎಂಜಿನ್ನನ್ನು ಮೂಲ ರೂಪದಲ್ಲಿಯೇ ಕಟ್ಟಿಸುವವರು ಮೂಲ ಅಳತೆಯ ಪಂಪನ್ನೇ ಹಾಕಲಿ. 1493 ಮತ್ತು 1584 ಸಿಸಿ ಎಂಜಿನ್ನುಗಳಿಗೆ, ಬೇರಿಂಗುಗಳು ಅಳತೆಯೊಳಗೆ ಇದ್ದರೆ, 26 ಎಂಎಂ ಪಂಪ್ ನಮ್ಮ ಕರಾವಳಿಗೂ ಘಟ್ಟಕ್ಕೂ ಸಾಕು. ಚಪ್ಪಟೆ ಕ್ಯಾಮಿಗೆ ಹೊಂದುವ 26 ಎಂಎಂ ಪಂಪನ್ನು ಬದಲಿ ತಯಾರಕರು ಮಾಡುತ್ತಾರೆ. ಹೊರಗಿನ ಫಿಲ್ಟರ್, ಅದರ ಕೊಳವೆಗಳು, ಬೇಕಾದರೆ ಇನ್ನೊಂದು ಕೂಲರ್ ಸೇರಿ ಆಯಿಲಿನ ದಾರಿ ಉದ್ದವಾದಾಗ 30 ಎಂಎಂ ಪಂಪಿಗೆ ಅರ್ಥ ಬರುತ್ತದೆ. ಅದಕ್ಕಿಂತ ದೊಡ್ಡದು ರಸ್ತೆಯಲ್ಲಿ ಓಡುವ ಸಾಮಾನ್ಯ ಬೀಟಲ್‌ಗೆ ಬೇಡ.

ಅಲ್ಯೂಮಿನಿಯಂ ಗೂಡೋ, ಎರಕದ ಕಬ್ಬಿಣದ ಗೂಡೋ

ಬ್ರೆಜಿಲ್‌ನ ಶಾಡೆಕ್ ಪಂಪುಗಳ ಗೂಡು ಅಲ್ಯೂಮಿನಿಯಂನದು. ಅಮೆರಿಕದ ಮೆಲ್ಲಿಂಗ್ ಎರಕದ ಕಬ್ಬಿಣದ ಗೂಡಿನ ಪಂಪಿಗೆ ಹೆಸರಾದುದು. ಕಬ್ಬಿಣದ ಗೂಡು ಸವೆಯುವುದು ನಿಧಾನ, ಗೇರೂ ಗೂಡೂ ಒಂದೇ ಬಗೆಯಲ್ಲಿ ಹಿಗ್ಗುವುದರಿಂದ ಒಳಗಿನ ಸಂದು ಬಿಸಿಯಾದಾಗಲೂ ಹೆಚ್ಚು ಬದಲಾಗುವುದಿಲ್ಲ. ಆದರೆ ಮೆಗ್ನೀಸಿಯಂ ಕೇಸ್ ಶಾಖಕ್ಕೆ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮೀರಿ ಹಿಗ್ಗುತ್ತದೆ. ಗೂಡಿನ ಸುತ್ತ ಕೇಸ್ ಅಗಲವಾದಂತೆ ಪಂಪಿಗೂ ಕೇಸಿಗೂ ನಡುವಿನ ಆಯಿಲ್ ತೂತುಗಳ ಬಳಿ ಸೋರಿಕೆಗೆ ಎಡೆಯಾಗುತ್ತದೆ. ಅಲ್ಯೂಮಿನಿಯಂ ಮೆಗ್ನೀಸಿಯಂಗೆ ಹತ್ತಿರದ ಪ್ರಮಾಣದಲ್ಲಿ ಹಿಗ್ಗುವುದರಿಂದ ಕೇಸಿನಲ್ಲಿ ಬಿಗಿಯಾಗಿ ನಿಲ್ಲುತ್ತದೆ. ಕೇಸಿನ ತೂತು ಸವೆಯದೆ ಪಂಪ್ ಕೈಯೊತ್ತಿಗೆ ಬಿಗಿಯಾಗಿ ಕೂರುವುದಾದರೆ ಎರಡೂ ಆಗಬಹುದು. ಪಂಪ್ ಸಲೀಸಾಗಿ ಜಾರಿ ಇಳಿಯುವಷ್ಟು ತೂತು ಸವೆದಿದ್ದರೆ ನನ್ನ ಆಯ್ಕೆ ಅಲ್ಯೂಮಿನಿಯಂ.

ಫಿಲ್ಟರಿನ ವಿಚಾರವನ್ನು ಈಗಲೇ ತೀರ್ಮಾನಿಸಿ

ಜಂಬಿಟ್ಟಿಗೆಯ ಧೂಳು ಏಳುವ ನಮ್ಮ ಒಳದಾರಿಗಳಲ್ಲಿ ಓಡುವ ಕಾರಿಗೆ ತಂತಿಯ ಜಾಲರಿಯೊಂದೇ ಸಾಲದು ಎಂದು ನಾನು ಭಾವಿಸುತ್ತೇನೆ. ಫಿಲ್ಟರ್ ಕೂರಿಸಲು ಎರಡು ದಾರಿಗಳಿವೆ. ಮೊದಲನೆಯದು, ಪಂಪಿನ ಮುಚ್ಚಳಕ್ಕೇ ಫಿಲ್ಟರ್ ತಿರುಗಿಸುವ ಬಗೆ. ಕೇಸಿಗೆ ಕೈ ಹಚ್ಚದೆ ಹಾಕಬಹುದು ಎಂಬುದು ಅದರ ಅನುಕೂಲ. ಆದರೆ ಆಯಿಲ್ ಆ ಚಿಕ್ಕ ಮುಚ್ಚಳದೊಳಗೇ ಹೋಗಿ ತಿರುಗಿ ಬರಬೇಕಾದ್ದರಿಂದ ದಾರಿ ಇಕ್ಕಟ್ಟು. ಸೈಲೆನ್ಸರಿಗೂ ಫಿಲ್ಟರಿಗೂ ತಾಗುವಂತಾಗುವುದೂ ಇದೆ. ಎರಡನೆಯದರಲ್ಲಿ ಪಂಪಿನ ಮುಚ್ಚಳದಿಂದ ಆಯಿಲನ್ನು ಕೊಳವೆಯಲ್ಲಿ ಹೊರತಂದು, ಬೇರೆಡೆ ಕಟ್ಟಿದ ಫಿಲ್ಟರನ್ನು ಹಾಯಿಸಿ, ಕೇಸಿನ ಮುಖ್ಯ ನಾಳಕ್ಕೆ ಮರಳಿಸುತ್ತಾರೆ. ಇದಕ್ಕೆ ಪಂಪಿನ ಮೂಲ ಹೊರದಾರಿಯನ್ನು ಮುಚ್ಚಬೇಕು, ಮುಖ್ಯ ನಾಳದ ಬಾಯನ್ನು ಕೊರೆದು ಟ್ಯಾಪ್ ಹೊಡೆದು ಥ್ರೆಡ್ ಮಾಡಬೇಕು. ಕೇಸ್ ಪೂರ್ತಿ ಬರಿದಾಗಿರುವಾಗ ಮಾತ್ರ ಈ ಕೆಲಸ ಮಾಡಬಹುದು, ಏಕೆಂದರೆ ಕೊರೆದ ಚೂರುಗಳು ನಾಳದ ಉದ್ದಕ್ಕೂ ಸೇರಿಕೊಳ್ಳುತ್ತವೆ. ಅವನ್ನು ಚಿಮಿಣಿ ಎಣ್ಣೆಯಿಂದಲೂ ಉದ್ದನೆಯ ಬ್ರಷ್‌ನಿಂದಲೂ ತಿರುತಿರುಗಿ ತೊಳೆದು, ಗಾಳಿ ಊದಿ ತೆಗೆಯಬೇಕು.

ಫಿಲ್ಟರ್ ಇರುವುದು ರಿಲೀಫ್ ವಾಲ್ವಿಗಿಂತ ಮೊದಲು ಎಂಬುದನ್ನು ಮರೆಯಬಾರದು. ಅಂದರೆ ತಣ್ಣನೆಯ ದಪ್ಪ ಆಯಿಲಿನ ಪೂರ್ತಿ ಒತ್ತಡ ಫಿಲ್ಟರಿನ ಡಬ್ಬಿಯ ಮೇಲೆ ಬೀಳುತ್ತದೆ. 30 ಎಂಎಂ ಪಂಪ್ ಹಾಕಿ, ಬೈಪಾಸ್ ವಾಲ್ವ್ (ಒತ್ತಡ ಹೆಚ್ಚಿದಾಗ ಫಿಲ್ಟರಿನ ಕಾಗದವನ್ನು ಬಿಟ್ಟು ಆಯಿಲಿಗೆ ದಾರಿ ಕೊಡುವ ವಾಲ್ವ್) ಇಲ್ಲದ ಫಿಲ್ಟರ್ ಕಟ್ಟಿ, ಬೆಳಿಗ್ಗೆ ಚಾಲೂ ಮಾಡಿದ ಕೂಡಲೇ ಆಕ್ಸಿಲರೇಟರ್ ತುಳಿದರೆ ಫಿಲ್ಟರಿನ ರಬ್ಬರ್ ಹೊರಗೆ ಚಿಮ್ಮಿ, 2.5 ಲೀಟರ್ ಆಯಿಲ್ ಖಾಲಿಯಾಗುವುದಕ್ಕೆ ಹೆಚ್ಚು ಹೊತ್ತು ಬೇಡ. ಬೈಪಾಸ್ ಇರುವ ಫಿಲ್ಟರನ್ನೇ ಆರಿಸಿ. ಮುಚ್ಚಳದಲ್ಲಿಯೇ ರಿಲೀಫ್ ವಾಲ್ವ್ ಇರುವ ಪಂಪುಗಳೂ ಸಿಗುತ್ತವೆ, ಹೊರಗಿನ ಫಿಲ್ಟರಿಗೆ ಅವು ಒಳ್ಳೆಯವು.

ಹೊಸ ಪಂಪನ್ನು ಸಿದ್ಧಪಡಿಸಿ ಕೂರಿಸುವುದು

ಹೊಸ ಪಂಪನ್ನು ಪೆಟ್ಟಿಗೆಯಿಂದ ತೆಗೆದು ನೇರವಾಗಿ ಕೂರಿಸುವ ಅಭ್ಯಾಸ ಬಿಡಬೇಕು. ಹಳೆಯದಕ್ಕೆ ಹೇಳಿದ ಅಳತೆಗಳನ್ನೆಲ್ಲ ಹೊಸದಕ್ಕೂ ತೆಗೆಯಿರಿ. ಗೇರಿನ ಹಲ್ಲುಗಳ ಅಂಚಿನಲ್ಲಿ ಚೂಪಾದ ಸಣ್ಣ ಮುಳ್ಳುಗಳಿದ್ದರೆ ಸಾಣೆಕಲ್ಲಿನಿಂದ ಹಗುರವಾಗಿ ಉಜ್ಜಿ ತೆಗೆಯಿರಿ. ಮೇಲಿನ ಸಂದು 0.1 ಮಿಲಿಮೀಟರ್ ಮೀರಿದ್ದರೆ ದಪ್ಪ ಗಾಜಿನ ಮೇಲೆ 400ರ ಎಮರಿ ಕಾಗದವಿಟ್ಟು, ಚಿಮಿಣಿ ಎಣ್ಣೆ ಹಾಕಿ, ಗೇರುಗಳನ್ನು ಹೊರಗಿಟ್ಟ ಬರಿಯ ಗೂಡಿನ ಮುಖವನ್ನು ಎಂಟರ ಆಕಾರದಲ್ಲಿ ನಿಧಾನವಾಗಿ ಉಜ್ಜಿ, ನಡುನಡುವೆ ತೊಳೆದು, ಗೇರ್ ಇಟ್ಟು ಅಳೆಯುತ್ತ ಹೋಗಿ. ಕೊನೆಗೆ 600ರ ಕಾಗದ. 0.05 ಮಿಲಿಮೀಟರಿನ ಆಸುಪಾಸಿಗೆ ಬಂದಾಗ ನಿಲ್ಲಿಸುವುದು ನನ್ನ ರೂಢಿ. ಹೆಚ್ಚು ಉಜ್ಜಿ ಗೇರ್ ಗೂಡಿಗಿಂತ ಮೇಲೆ ಬಂದರೆ ಪಂಪ್ ಬಿಗಿಯುತ್ತದೆ, ಅದನ್ನು ಹಿಂದಕ್ಕೆ ತರುವಂತಿಲ್ಲ. ಮುಚ್ಚಳದ ಗ್ಯಾಸ್ಕೆಟಿನ ದಪ್ಪವೂ ಈ ಸಂದಿಗೆ ಸೇರುವುದರಿಂದ ಪಂಪಿಗೆಂದೇ ಬರುವ ತೆಳು ಗ್ಯಾಸ್ಕೆಟನ್ನೇ ಹಾಕಬೇಕು. ಅಂಗಡಿಯ ದಪ್ಪ ಗ್ಯಾಸ್ಕೆಟ್ ಹಾಳೆಯಿಂದ ಕತ್ತರಿಸಿ ಹಾಕಿದರೆ ಇಷ್ಟು ಹೊತ್ತು ಉಜ್ಜಿದ್ದೆಲ್ಲ ನಷ್ಟ. ಸಿಲಿಕೋನ್ ಪೇಸ್ಟನ್ನು ದಪ್ಪಗೆ ಬಳಿಯಲೂ ಬಾರದು; ಒಳಗೆ ಹಿಂಡಿ ಬಂದ ಅದರ ತುಣುಕುಗಳು ಆಯಿಲಿನೊಂದಿಗೆ ನಾಳಕ್ಕೆ ಹೋಗುತ್ತವೆ.

ಕೇಸಿನಲ್ಲಿ ಕೂರಿಸಿದ ಮೇಲೆ ಪಂಪ್ ಕ್ಯಾಮಿನ ನೇರಕ್ಕೆ ನಿಲ್ಲಬೇಕು. ನಟ್ಟುಗಳನ್ನು ಬೆರಳಿನಿಂದ ತಿರುಗಿಸುವಷ್ಟೇ ಬಿಗಿ ಮಾಡಿ, ಕ್ರಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ದಂಡದ ತುದಿ ಕ್ಯಾಮಿನ ಸೀಳಿನಲ್ಲಿ ತಾನಾಗಿ ತನ್ನ ಜಾಗ ಹುಡುಕಿಕೊಳ್ಳುತ್ತದೆ. ಆಮೇಲೆ ಎದುರುಬದುರು ನಟ್ಟುಗಳನ್ನು ಸ್ವಲ್ಪಸ್ವಲ್ಪವಾಗಿ ಬಿಗಿಯುತ್ತ, ಪ್ರತಿ ಸಲವೂ ಕ್ರಾಂಕ್ ತಿರುಗಿಸಿ ನೋಡಿ. ಎಲ್ಲಿಯಾದರೂ ಬಿಗಿ ತಾಗಿದರೆ ನಿಲ್ಲಿಸಿ, ಸಡಿಲಿಸಿ, ಕಾರಣ ಹುಡುಕಿ. 8 ಎಂಎಂ ನಟ್ಟುಗಳಿಗೆ ಟಾರ್ಕ್ 20 ನ್ಯೂಟನ್ ಮೀಟರ್. 6 ಎಂಎಂ ಸ್ಟಡ್ಡುಗಳು ಅಷ್ಟನ್ನು ತಾಳುವುದಿಲ್ಲ. ಮೆಗ್ನೀಸಿಯಂ ಕೇಸಿನ ಥ್ರೆಡ್ ಕಿತ್ತು ಬರುವುದು ಬಹಳ ಸುಲಭ, ಆದ್ದರಿಂದ ಅಂದಾಜಿನಲ್ಲಿ ಎಳೆಯದೆ ಟಾರ್ಕ್ ವ್ರೆಂಚ್ ಹಿಡಿಯಬೇಕು.

ಮುಚ್ಚಳ ಹಾಕುವ ಮೊದಲು ಗೇರುಗಳ ನಡುವೆ ವ್ಯಾಸಲಿನ್ ತುಂಬಿ. ಬರಿದಾದ ಪಂಪ್ ಗಾಳಿಯನ್ನೇ ತಿರುಗಿಸುತ್ತ ತಳದ ಆಯಿಲನ್ನು ಮೇಲೆಳೆಯದೆ ಉಳಿಯಬಹುದು; ವ್ಯಾಸಲಿನ್ ಆ ಸಂದುಗಳನ್ನು ಮುಚ್ಚಿ ಮೊದಲ ಸುತ್ತಿನಿಂದಲೇ ಹೀರುವಂತೆ ಮಾಡುತ್ತದೆ, ಅನಂತರ ಆಯಿಲಿನಲ್ಲಿ ಕರಗುತ್ತದೆ. ಗ್ರೀಸ್ ತುಂಬಬೇಡಿ.

ಚಾಲೂ ಮಾಡಿ ಒತ್ತಡ ಅಳೆಯುವುದು

ಆಯಿಲ್ ದೀಪದ ಸ್ವಿಚ್ 0.15ರಿಂದ 0.45 ಬಾರ್ (ಸುಮಾರು 2ರಿಂದ 6.5 ಪಿಎಸ್‌ಐ) ಒತ್ತಡಕ್ಕೇ ದೀಪವನ್ನು ಆರಿಸಿಬಿಡುತ್ತದೆ. ಆದ್ದರಿಂದ ದೀಪ ಆರಿದ್ದರಿಂದ ಪಂಪಿನ ಆರೋಗ್ಯ ತಿಳಿಯುವುದಿಲ್ಲ, ಕನಿಷ್ಠ ಮೊದಲ ಕೆಲವು ವಾರಗಳಿಗಾದರೂ ಒತ್ತಡದ ಗೇಜ್ ಬೇಕು. ಡಿಸ್ಟ್ರಿಬ್ಯೂಟರಿನ ಪಕ್ಕದಲ್ಲಿರುವ ಸ್ವಿಚ್ಚಿನ ಜಾಗದಲ್ಲಿ ಟೀ ಆಕಾರದ ಜೋಡಣೆ ಹಾಕಿ ಅದನ್ನು ಸೇರಿಸಬಹುದು. ಅಲ್ಲಿನ ಥ್ರೆಡ್ 10 ಎಂಎಂನ ಮೆಟ್ರಿಕ್ ಅಳತೆಯದು. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಗೇಜುಗಳ ಜೋಡಣೆ ಇಂಚಿನ ಅಳತೆಯದಾಗಿದ್ದು ಎರಡು ಸುತ್ತು ಸರಿಯಾಗಿ ಹೋದಂತೆ ಕಂಡು ಅನಂತರ ಕೇಸನ್ನೇ ಸೀಳುತ್ತದೆ. ಮೆಟ್ರಿಕ್ ಜೋಡಣೆಯನ್ನು ಕೇಳಿಯೇ ಪಡೆಯಿರಿ.

ಕಾಯಿಲ್ ವಯರ್ ಬಿಚ್ಚಿ, ನಾಲ್ಕೂ ಸ್ಪಾರ್ಕ್ ಪ್ಲಗ್ ತೆಗೆದು, ಸ್ಟಾರ್ಟರನ್ನು ಒಂದು ಸಲಕ್ಕೆ ಹತ್ತು ಸೆಕೆಂಡಿನಷ್ಟು ತಿರುಗಿಸಿ, ನಡುವೆ ಬಿಡುವು ಕೊಡಿ. ಗೇಜಿನ ಮುಳ್ಳು ಏಳುವವರೆಗೆ ಪ್ಲಗ್ ಹಾಕಬೇಡಿ. ಹೊಸ ಕ್ಯಾಮ್ ಹಾಕಿದ್ದರೆ ಚಾಲೂ ಆದ ಮೇಲೆ ಐಡ್ಲಿಂಗಿನಲ್ಲಿ ಬಿಡದೆ 2,000 ಸುತ್ತಿನ ಆಸುಪಾಸಿನಲ್ಲಿ ಇಪ್ಪತ್ತು ನಿಮಿಷ ಓಡಿಸಬೇಕು. ಕಾರ್ಖಾನೆಯ ಲೆಕ್ಕದಂತೆ ಎಸ್‌ಎಇ 30 ಆಯಿಲ್ 70 ಡಿಗ್ರಿ ಸೆಲ್ಸಿಯಸ್‌ನಲ್ಲಿರುವಾಗ 2,500 ಸುತ್ತಿಗೆ 42 ಪಿಎಸ್‌ಐ ಒತ್ತಡ ಬರಬೇಕು, ಸವೆದ ಎಂಜಿನ್ನಿಗೂ 28ಕ್ಕಿಂತ ಕಡಿಮೆ ಆಗಬಾರದು. ಬೇರೆ ಆಯಿಲಿಗೆ ಅಂಕಿ ಸ್ವಲ್ಪ ಬದಲಾಗುತ್ತದೆ.

ನಿಜವಾದ ಪರೀಕ್ಷೆ ರಸ್ತೆಯಲ್ಲಿ. ಮೊದಲ 500 ಕಿಲೋಮೀಟರ್ ಸಮತಟ್ಟಾದ ಹೆದ್ದಾರಿಯಲ್ಲಿ ಹಗುರವಾಗಿ ಓಡಿಸಿ, ಆಯಿಲ್ ಬದಲಿಸಿ, ಜಾಲರಿಯನ್ನು ತೆಗೆದು ಬಿಳಿ ಬಟ್ಟೆಯ ಮೇಲೆ ತೊಳೆದು ನೋಡಿ. ಮಿನುಗುವ ಲೋಹದ ಪುಡಿ ಸ್ವಲ್ಪ ಇರುವುದು ಸಹಜ, ಕೈಗೆ ಸಿಗುವ ಚೂರುಗಳು ಇರಬಾರದು. ಆಮೇಲೆ ಚೆರ್ಕಳ, ಮುಳ್ಳೇರಿಯ, ಜಾಲ್ಸೂರಿನ ಮೂಲಕ ಸುಳ್ಯಕ್ಕೆ ಹೋಗಿ, ಸಂಪಾಜೆ ಘಾಟಿ ಹತ್ತಿ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಗೆ ಹೋಗಿ ಬನ್ನಿ. ಎರಡನೆಯ, ಮೂರನೆಯ ಗೇರಿನಲ್ಲಿ ಲಾರಿಗಳ ಹಿಂದೆ ಏರುವಾಗ ಕಾರಿನ ವೇಗ ಕಡಿಮೆ, ಎಂಜಿನ್ನಿನ ಹೊರೆ ಹೆಚ್ಚು. ಆಯಿಲ್ ಇದಕ್ಕಿಂತ ಬಿಸಿಯಾಗುವ ಸಂದರ್ಭ ನಮ್ಮ ಕಡೆ ಇಲ್ಲ. ಮೇಲೆ ತಲುಪಿದ ಕೂಡಲೇ ನಿಲ್ಲಿಸಿ, ಐಡ್ಲಿಂಗಿನಲ್ಲಿ ಗೇಜ್ ಎಷ್ಟು ತೋರಿಸುತ್ತದೆ ಎಂದು ಬರೆದುಕೊಳ್ಳಿ, ಅನಂತರ 2,500 ಸುತ್ತಿನ ಅಂಕಿಯನ್ನೂ ಬರೆದುಕೊಳ್ಳಿ. ಐಡ್ಲಿಂಗಿನಲ್ಲಿ 8ರಿಂದ 10 ಪಿಎಸ್‌ಐ ಉಳಿದು, ವೇಗ ಏರಿಸಿದಾಗ ಪ್ರತಿ ಸಾವಿರ ಸುತ್ತಿಗೆ ಸುಮಾರು 10ರಂತೆ ಏರಿದರೆ ಪಂಪಿನ ಆಯ್ಕೆ ಸರಿಯಾಗಿದೆ.

ಒತ್ತಡ ಅದಕ್ಕಿಂತ ಕೆಳಗೆ ಬಂದರೆ ಮೊದಲು ರಿಲೀಫ್ ವಾಲ್ವಿನ ಪ್ಲಂಜರನ್ನು ಹೊರತೆಗೆದು ಅದು ತೂತಿನಲ್ಲಿ ಸಿಕ್ಕಿಕೊಳ್ಳದೆ ಜಾರುತ್ತದೆಯೇ, ಮೈಮೇಲೆ ಗೀರುಗಳಿವೆಯೇ, ಸ್ಪ್ರಿಂಗ್ ಕುಗ್ಗಿದೆಯೇ ಎಂದು ನೋಡಿ. ಕಾರಿನ ಕೆಳಗೆ ಮಲಗಿ ಮಾಡಬಹುದಾದ ಅರ್ಧ ಗಂಟೆಯ ಕೆಲಸ ಅದು. ಅಲ್ಲಿ ದೋಷ ಸಿಗದಿದ್ದರೆ ಆಯಿಲಿನ ದರ್ಜೆ, ಆಮೇಲೆ ಇನ್ನೊಂದು ಗೇಜ್ ಹಾಕಿ ಅಳತೆ. ಪುಲ್ಲಿ ಬಿಚ್ಚಿ ಪಂಪಿನ ಮುಚ್ಚಳ ತೆಗೆಯುವುದು ಇವೆಲ್ಲ ಆದ ಮೇಲೆ.